ಸೂರ್ಯಪಾನಕ್ಕೆ ಯೂರಿಯಾ, ಅಮೋನಿಯಂ ಸಲ್ಫೇಟ್, ಕುರಿ ಗೊಬ್ಬರ: ಸಾರಜನಕ ಎಲ್ಲಾ ಒಂದೇ ಅಲ್ವಾ?

ಯಲಬುರ್ಗಾ ಎರೆ:

ಎಲ್ಲರಿಗೂ ನಮಸ್ಕಾರ. ನಾನು ಯಲಬುರ್ಗಾ ತಾಲ್ಲೂಕಿನವನು. ಎರಡು ಎಕರೆ ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಸೂರ್ಯಪಾನ ಹಾಕಿದ್ದೇನೆ. ದಕ್ಷಿಣದ ಕಡೆಯವರು ಸೂರ್ಯಕಾಂತಿ ಅನ್ನುತ್ತೀರಲ್ಲ, ಅದೇ. ಬಿತ್ತಿ ಇವತ್ತಿಗೆ 45 ದಿನ. ನೀರಾವರಿ ಇಲ್ಲ, ಮಳೆ ನಂಬಿದ ಹೊಲ. ಮೊಗ್ಗು ಕಟ್ಟಿದೆ.

ಹೊಲದಲ್ಲಿ ಅರ್ಧರ್ಧ ಎಕರೆಯ ನಾಲ್ಕು ಪಟ್ಟಿ ಇವೆ. ಬೀಜ ಒಂದೇ, ಬಿತ್ತಿದ ದಿನ ಒಂದೇ, ಕೂರಿಗೆಯೂ ಒಂದೇ. ಆದರೆ ಈಗ ಬದುವಿನ ಮೇಲೆ ನಿಂತು ನೋಡಿದರೆ ನಾಲ್ಕು ಪಟ್ಟಿಗೆ ನಾಲ್ಕು ಬಣ್ಣ.

ಒಂದನೇ ಪಟ್ಟಿಗೆ ಬಿತ್ತುವಾಗ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) 25 ಕೆಜಿ, 30ನೇ ದಿನಕ್ಕೆ ಮೇಲುಗೊಬ್ಬರ ಅಂತ ಯೂರಿಯಾ 25 ಕೆಜಿ. ಎರಡನೇ ಪಟ್ಟಿಗೂ ಅಷ್ಟೇ ಡಿಎಪಿ, ಆದರೆ ಮೇಲುಗೊಬ್ಬರಕ್ಕೆ ಯೂರಿಯಾ ಸಾಲಲಿಲ್ಲ. ಅಂಗಡಿಯಲ್ಲಿ ಯೂರಿಯಾ ಖಾಲಿ. ಇದ್ದದ್ದು ಅಮೋನಿಯಂ ಸಲ್ಫೇಟ್, ಅದನ್ನೇ 25 ಕೆಜಿ ತಂದು ಹಾಕಿದೆ. ಮೂರನೇ ಪಟ್ಟಿಗೆ ಸರ್ಕಾರಿ ಗೊಬ್ಬರ, ಅಂದರೆ ಚೀಲದ ರಾಸಾಯನಿಕ ಗೊಬ್ಬರ, ಒಂದು ಹಿಡಿಯೂ ಇಲ್ಲ, ಬೇಸಿಗೆಯಲ್ಲಿ ಕುರಿ ಹಿಂಡು ಐದು ರಾತ್ರಿ ತರುಬಿಸಿದ್ದೆ, ಹೊಲದಲ್ಲೇ ಮಲಗಿಸಿದ್ದೆ. ನಾಲ್ಕನೆಯದು ತಗ್ಗಿನಲ್ಲಿದೆ, ಅದಕ್ಕೆ ಒಂದನೇ ಪಟ್ಟಿಯ ಥರಾನೇ ಡಿಎಪಿ ಮತ್ತು ಯೂರಿಯಾ.

ಈಗ ನೋಡಿ: ಯೂರಿಯಾ ಹಾಕಿದ ಒಂದನೇ ಪಟ್ಟಿ ಪೇಲವ. ಅಮೋನಿಯಂ ಸಲ್ಫೇಟ್ ಹಾಕಿದ್ದು ಕಡು ಹಸಿರು. ಕುರಿ ತರುಬಿಸಿದ ಪಟ್ಟಿ ಮೊದಲಿನಿಂದಲೂ ಚೆನ್ನಾಗಿದೆ, ದಂಟು ದಪ್ಪ, ಎಲೆ ಅಗಲ. ತಗ್ಗಿನ ಪಟ್ಟಿ ಹಳದಿ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಎಲ್ಲದರಲ್ಲೂ ಇರೋದು ಸಾರಜನಕವೇ ಅಲ್ವಾ? ಗಿಡಕ್ಕೆ ಇದು ಯೂರಿಯಾದ್ದು, ಇದು ಕುರಿಯದ್ದು ಅಂತ ಗೊತ್ತಾಗುತ್ತದಾ? ಯೂರಿಯಾ ಬಿಟ್ಟು ಬೇರೆಯದಕ್ಕೆ ಹೋಗಬೇಕಾ? ಈಗ ಪೇಲವ ಇರುವ ಪಟ್ಟಿಗೆ ಇನ್ನೊಂದು ಅರ್ಧ ಚೀಲ ಹಾಕಿದರೆ ಪ್ರಯೋಜನ ಇದೆಯಾ, ಸುಮ್ನೆ ದುಡ್ಡು ದಂಡನಾ? ಮಾಡಿ ನೋಡಿದವರು ಹೇಳಿ.

ಗುಂಡ್ಲುಪೇಟೆ ಹೊಲ:

ಅಣ್ಣಾ, ನಮ್ಮದು ಕೆಂಪು ಮಣ್ಣು, ನಿಮ್ಮ ಎರೆಗೂ ನಮ್ಮದಕ್ಕೂ ಹೋಲಿಕೆ ಕಡಿಮೆ. ಆದರೂ ಇಪ್ಪತ್ತು ವರ್ಷದಿಂದ ಸೂರ್ಯಕಾಂತಿ ಬೆಳೆಯುತ್ತಿದ್ದೇನೆ, ಗೊತ್ತಿರೋದು ಹೇಳುತ್ತೇನೆ. ಊಟಿ ರಸ್ತೆಯಲ್ಲಿ ಹೋಗುವವರು ಜೂನ್, ಜುಲೈನಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರಲ್ಲ, ಆ ಹೊಲಗಳ ಸಾಲಿನಲ್ಲೇ ನಮ್ಮದೂ ಇದೆ.

ಮೊದಲು ಲೆಕ್ಕ ಮಾಡಿ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. 25 ಕೆಜಿ ಅಂದರೆ ಹನ್ನೊಂದೂವರೆ ಕೆಜಿ ಆಯಿತು. ಅಮೋನಿಯಂ ಸಲ್ಫೇಟ್‌ನಲ್ಲಿ ನೂರಕ್ಕೆ ಇಪ್ಪತ್ತೂವರೆ ಅಷ್ಟೇ, 25 ಕೆಜಿಗೆ ಐದು ಕೆಜಿ ಚಿಲ್ಲರೆ. ಅಂದರೆ ಅರ್ಧಕ್ಕಿಂತ ಕಡಿಮೆ ಕೊಟ್ಟ ಪಟ್ಟಿಯೇ ಹೆಚ್ಚು ಹಸಿರಾಗಿದೆ! ಇದರಲ್ಲಿ ಏನೋ ಇದೆ.

ನನ್ನ ಊಹೆ ಗಂಧಕ. ಅಮೋನಿಯಂ ಸಲ್ಫೇಟ್‌ನಲ್ಲಿ ಸಾರಜನಕಕ್ಕಿಂತ ಗಂಧಕವೇ ಜಾಸ್ತಿ, ಎಣ್ಣೆಕಾಳಿಗೆ ಅದು ಬೇಕೇ ಬೇಕು. ನಾನು ಬರೀ ಡಿಎಪಿ, ಯೂರಿಯಾ ಹಾಕುತ್ತಿದ್ದ ವರ್ಷಗಳಲ್ಲಿ ಕಾಳು ತೂಕ ಬರುತ್ತಿರಲಿಲ್ಲ, ಹೂವಿನ ನಡುಭಾಗ ಜೊಳ್ಳು. ಗಂಧಕ ಇರುವ ಗೊಬ್ಬರಕ್ಕೆ ಬಂದ ಮೇಲೆ ಸುಧಾರಿಸಿತು.

ಇನ್ನೊಂದು ಮಾತು. ಒಂದು ವರ್ಷ ನಾನು ಪೂರ್ತಿ ಯೂರಿಯಾವನ್ನು ಒಂದೇ ಸಲ ಕೊಟ್ಟೆ. ಕೊಟ್ಟು ಹತ್ತು ಹದಿನೈದು ದಿನಕ್ಕೆ ಎರಡು ದಿನ ಬಿಡದೆ ಮಳೆ ಹುಯ್ಯಿತು. ನಮ್ಮ ಮಣ್ಣು ಮರಳು ಮಿಶ್ರ, ಎಲ್ಲಾ ಕೆಳಕ್ಕೆ ಇಳಿದು ಹೋಯಿತು. ಈಗ ಮೂರು ಕಂತು ಮಾಡುತ್ತೇನೆ. ಯೂರಿಯಾ ಬಿಡಬೇಡಿ, ಕೊಡುವ ರೀತಿ ಬದಲಾಯಿಸಿ.

ಮಣ್ಣು ಮೇಷ್ಟ್ರು:

ನಾನು ಮಣ್ಣಿನ ವಿಷಯ ಪಾಠ ಮಾಡಿ ನಿವೃತ್ತನಾದವನು. ಉತ್ತರ ಹೇಳುವ ಮೊದಲು ಮೂರು ವಿಷಯ ತಿಳಿಯಬೇಕು.

ಪೇಲವ ಆಗಿರುವುದು ಕೆಳಗಿನ ಹಳೇ ಎಲೆಯೋ, ತುದಿಯ ಹೊಸ ಎಲೆಯೋ? ಒಂದನೇ ಪಟ್ಟಿ ಮತ್ತು ತಗ್ಗಿನ ಪಟ್ಟಿ ಎರಡನ್ನೂ ಬೇರೆ ಬೇರೆಯಾಗಿ ನೋಡಿ ಹೇಳಿ.

ಯೂರಿಯಾ ಎರಚಿದ ಮೇಲೆ ಏನು ಮಾಡಿದಿರಿ? ಮಳೆ ಯಾವತ್ತು ಬಂತು? ಅಮೋನಿಯಂ ಸಲ್ಫೇಟ್ ಹಾಕಿದ ಮೇಲೆ ಏನು ಮಾಡಿದಿರಿ? ದಿನದ ಲೆಕ್ಕ ಸಮೇತ ಬೇಕು.

ಹೊಲದಲ್ಲಿ ಬಿಳಿ ಸುಣ್ಣದ ಹರಳು ಸಿಗುತ್ತವೆಯಾ? ಸಿಕ್ಕರೆ ಒಂದರ ಮೇಲೆ ನಿಂಬೆಹಣ್ಣು ಹಿಂಡಿ, ಕಿವಿ ಹತ್ತಿರ ಇಟ್ಟು ಕೇಳಿ.

ಯಲಬುರ್ಗಾ ಎರೆ:

ಮೇಷ್ಟ್ರೇ, ಬೆಳಿಗ್ಗೆನೇ ಹೋಗಿ ನೋಡಿ ಬಂದೆ.

ಒಂದನೇ ಪಟ್ಟಿಯಲ್ಲಿ ಕೆಳಗಿನ ನಾಲ್ಕೈದು ಎಲೆ ಪೂರ್ತಿ ತಿಳಿ ಹಳದಿ, ನರ ಸಮೇತ. ತುದಿಯ ಎಲೆ ಹಸಿರೇ ಇದೆ, ಆದರೆ ಸಣ್ಣದು. ತಗ್ಗಿನ ಪಟ್ಟಿ ಬೇರೆ ಥರ. ಅಲ್ಲಿ ಕೆಳಗಿನ ಎಲೆಯೂ ಹೋಗಿದೆ, ಜೊತೆಗೆ ತುದಿಯ ಹೊಸ ಎಲೆಯಲ್ಲಿ ನರ ಮಾತ್ರ ಹಸಿರು, ಮಧ್ಯದ ಜಾಗ ಎಲ್ಲಾ ಹಳದಿ, ಬಲೆ ಹಾಸಿದ ಹಾಗೆ ಕಾಣುತ್ತದೆ. ನೀವು ಕೇಳುವವರೆಗೂ ಎರಡೂ ಒಂದೇ ಹಳದಿ ಅಂದುಕೊಂಡಿದ್ದೆ.

ಯೂರಿಯಾ ವಿಷಯ. ಎಡೆಕುಂಟೆ (ಸಾಲಿನ ನಡುವೆ ಮಣ್ಣು ಕೆದಕಲು ಎತ್ತು ಎಳೆಯುವ ಕುಂಟೆ) ಮೊದಲೇ ಹೊಡೆಸಿದ್ದೆ, ಆಮೇಲೆ ಸಾಲಿನ ಮಧ್ಯೆ ಎರಚಿ ಬಂದೆ. ಮುಚ್ಚಲಿಲ್ಲ. ಮಣ್ಣು ಮೇಲ್ಗಡೆ ಸ್ವಲ್ಪ ಹಸಿ ಇತ್ತು, ಬೆಳಗಿನ ಇಬ್ಬನಿಗೆ ಕಾಳು ಕರಗಿದ್ದು ಕಣ್ಣಾರೆ ಕಂಡೆ, ಭೂಮಿಗೆ ಸೇರಿತು ಅಂತ ಸಮಾಧಾನವಾಯಿತು. ಆಮೇಲೆ ಒಂಬತ್ತು ದಿನ ಮಳೆ ಇಲ್ಲ, ಬರೀ ಬಿಸಿಲು, ಗಾಳಿ. ಹತ್ತನೇ ದಿನ ಒಳ್ಳೆ ಮಳೆ. ತಗ್ಗಿನಲ್ಲಿ ಮೂರು ದಿನ ನೀರು ನಿಂತಿತ್ತು.

ಅಮೋನಿಯಂ ಸಲ್ಫೇಟ್ ತಂದಿದ್ದು ಎರಡು ದಿನ ತಡವಾಗಿ. ಆ ಪಟ್ಟಿಗೆ ಕುಂಟೆ ಹೊಡೆಯೋದು ಉಳಿದಿತ್ತು, ಎತ್ತು ಅವತ್ತೇ ಸಿಕ್ಕವು. ಹಾಗಾಗಿ ಗೊಬ್ಬರ ಎರಚಿ ಹಿಂದೆಯೇ ಎಡೆಕುಂಟೆ ಹೊಡೆಸಿದೆ.

ಸುಣ್ಣದ ಹರಳು ಬೇಕಾದಷ್ಟು ಇವೆ. ನಿಂಬೆಹಣ್ಣು ಹಿಂಡಿದೆ. ಸಣ್ಣಗೆ ಗುಳ್ಳೆ ಎದ್ದವು, ಕಿವಿಗಿಟ್ಟರೆ ಚುಸ್ ಅಂತ ಸದ್ದು. ಮಗಳು ಇನ್ನೂ ನಾಲ್ಕು ಹರಳು ತಂದು ಉಳಿದ ರಸ ಎಲ್ಲಾ ಖಾಲಿ ಮಾಡಿದಳು.

ಮಣ್ಣು ಮೇಷ್ಟ್ರು:

ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಬರೆದಿದ್ದೀರಿ. ಎರಡು ಪಟ್ಟಿಗೂ ಇರುವ ದೊಡ್ಡ ವ್ಯತ್ಯಾಸ ಚೀಲದ್ದಲ್ಲ, ಎಡೆಕುಂಟೆಯದ್ದು.

ಯೂರಿಯಾವನ್ನು ಬೇರು ಇದ್ದ ಹಾಗೇ ಹೀರುವುದು ತೀರಾ ಕಡಿಮೆ. ಮಣ್ಣಿನಲ್ಲಿ ಯೂರಿಯೇಸ್ ಅನ್ನುವ ಕಿಣ್ವ ಇದೆ, ಅದು ಬೆಚ್ಚಗಿನ ಹಸಿ ಮಣ್ಣಿನಲ್ಲಿ ಕೆಲವೇ ದಿನದಲ್ಲಿ ಯೂರಿಯಾವನ್ನು ಒಡೆದು ಅಮೋನಿಯಂ ಕಾರ್ಬೊನೇಟ್ ಮಾಡುತ್ತದೆ. ಹಾಗೆ ಒಡೆಯುವಾಗ ಕಾಳಿನ ಸುತ್ತ ಕ್ಷಾರ ಏರುತ್ತದೆ. ನಿಂಬೆ ರಸಕ್ಕೆ ಚುಸ್ ಅಂದ ಸುಣ್ಣದ ಹರಳು ಇರುವ ನಿಮ್ಮ ಮಣ್ಣಿನ ಪಿಎಚ್ (ಆಮ್ಲ, ಕ್ಷಾರದ ಅಳತೆ; 7ರ ಮೇಲೆ ಕ್ಷಾರ) ಮೊದಲೇ 8ರ ಮೇಲಿರುತ್ತದೆ. ಅಂಥ ಕಡೆ ಅಮೋನಿಯಂ ನಿಲ್ಲುವುದಿಲ್ಲ, ಅಮೋನಿಯಾ ಗಾಳಿಯಾಗಿ ಎದ್ದು ಹೋಗುತ್ತದೆ. ಕುರಿ ದೊಡ್ಡಿಯಲ್ಲಿ ಬೆಳಿಗ್ಗೆ ಮೂಗಿಗೆ ಹೊಡೆಯುವ ಘಾಟು ಇದೆಯಲ್ಲ, ಅದೇ. ನೀವು ಕಂಡ ಇಬ್ಬನಿ ಕಾಳನ್ನು ಕರಗಿಸಲು ಸಾಕಾಯಿತು, ಒಳಗೆ ಇಳಿಸಲು ಸಾಲಲಿಲ್ಲ. ಇದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ಪೂರ್ತಿ ಒಣಗಿದ್ದರೂ ಯೂರಿಯಾ ಅಲ್ಲೇ ಕಾಳಾಗಿ ಕಾಯುತ್ತಿತ್ತು, ಒಳ್ಳೆ ಮಳೆ ಬಂದಿದ್ದರೂ ಒಳಗೆ ಹೋಗುತ್ತಿತ್ತು. ಈಗ ಚೀಲದಲ್ಲಿ ಬರುವುದು ಬೇವು ಲೇಪಿತ ಯೂರಿಯಾ, 2015ರಿಂದ ಹೆಚ್ಚುಕಡಿಮೆ ಎಲ್ಲಾ ಅದೇ. ಆದರೆ ಬೇವು ತಡೆಯುವುದು ಇದರ ಮುಂದಿನ ಹಂತವನ್ನು, ಅಮೋನಿಯಂ ನೈಟ್ರೇಟ್ ಆಗುವುದನ್ನು. ಮೇಲ್ಗಡೆ ಬಿಟ್ಟರೆ ಆವಿಯಾಗಿ ಹೋಗುವುದನ್ನು ಅದು ನಿಲ್ಲಿಸುವುದಿಲ್ಲ.

ಹೋಗದೆ ಉಳಿದದ್ದೂ ಒಂಬತ್ತು ದಿನ ಒಣ ಮೇಲ್ಮಣ್ಣಿನಲ್ಲೇ ಇತ್ತು. ಬೇರಿಗೆ ಸಾರಜನಕ ಬರುವುದು ನೀರಿನ ಜೊತೆ. ಒಣ ಮಣ್ಣಿನಲ್ಲಿ ಎಷ್ಟಿದ್ದರೂ ಬೀಗ ಹಾಕಿದ ಕಣಜದ ಹಾಗೆ.

ಎರಡನೇ ಪಟ್ಟಿಯಲ್ಲಿ ಕುಂಟೆ ಗೊಬ್ಬರವನ್ನು ಎರಡು ಬೆರಳು ಕೆಳಗೆ, ಹಸಿ ಇರುವಲ್ಲಿಗೆ ದೂಡಿತು. ಎರೆ ಮಣ್ಣಿನ ಜೇಡಿ ಅಮೋನಿಯಂ ಅನ್ನು ಹಿಡಿದುಕೊಂಡಿತು. ಇಲ್ಲೊಂದು ಎಚ್ಚರ: ಅಮೋನಿಯಂ ಸಲ್ಫೇಟ್ ಆವಿಯಾಗುವುದಿಲ್ಲ ಅನ್ನುವ ಮಾತು ಕೇಳಿರುತ್ತೀರಿ. ಸುಣ್ಣ ಇರುವ ಮಣ್ಣಿನಲ್ಲಿ ಅದು ನಿಜವಲ್ಲ. ನೀವು ಅದನ್ನೂ ಮೇಲೆಯೇ ಬಿಟ್ಟಿದ್ದರೆ ಅದೂ ಸಾಕಷ್ಟು ಹೋಗುತ್ತಿತ್ತು. ಗುಂಡ್ಲುಪೇಟೆಯವರು ಹೇಳಿದ ಗಂಧಕದ ಪಾಲೂ ಇರಬಹುದು, ಅಲ್ಲ ಅನ್ನುವುದಿಲ್ಲ. ಆದರೆ ಗಂಧಕದ ಕೊರತೆ ಮೊದಲು ತೋರುವುದು ತುದಿಯ ಎಲೆಯಲ್ಲಿ. ನಿಮ್ಮ ಒಂದನೇ ಪಟ್ಟಿಯಲ್ಲಿ ಹೋಗಿರುವುದು ಕೆಳಗಿನ ಎಲೆ. ಸಾರಜನಕ ಸಾಲದಾಗ ಗಿಡ ಹಳೇ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಅದಕ್ಕೇ ನಾನು ಎಲೆ ಕೇಳಿದ್ದು.

ಇನ್ನು ಕುರಿ ಪಟ್ಟಿ. ಒಂದು ಕ್ವಿಂಟಾಲ್ ಕಾಳು ಬರಬೇಕಾದರೆ ಸೂರ್ಯಕಾಂತಿ ಗಿಡ ಹೆಚ್ಚುಕಡಿಮೆ 4ರಿಂದ 5 ಕೆಜಿ ಸಾರಜನಕ ಎತ್ತುತ್ತದೆ. ಅರ್ಧ ಎಕರೆಯಲ್ಲಿ ನಾಲ್ಕು ಕ್ವಿಂಟಾಲ್ ಅಂದುಕೊಳ್ಳಿ, 16ರಿಂದ 20 ಕೆಜಿ ಬೇಕು. ನಿಮ್ಮ ಎರಡನೇ ಪಟ್ಟಿಗೆ ಡಿಎಪಿಯಿಂದ ನಾಲ್ಕೂವರೆ, ಮೇಲುಗೊಬ್ಬರದಿಂದ ಐದು, ಸೇರಿ ಹತ್ತೂ ಆಗಲಿಲ್ಲ. ಉಳಿದದ್ದು ಎಲ್ಲಿಂದ ಬಂತು? ಮಣ್ಣಿನಿಂದ. ಸಾರಜನಕ-15 ಅನ್ನುವ ಗುರುತಿನ ಸಾರಜನಕವನ್ನು ಗೊಬ್ಬರದಲ್ಲಿ ಬೆರೆಸಿ, ಆಮೇಲೆ ಗಿಡದಲ್ಲಿ ಅದು ಎಷ್ಟಿದೆ ಅಂತ ಅಳೆಯುವ ಪ್ರಯೋಗಗಳಿವೆ. ಎಷ್ಟೋ ಬೆಳೆಗಳಲ್ಲಿ ಅವು ತೋರಿಸಿದ್ದು ಇದನ್ನೇ: ಗಿಡದೊಳಗಿನ ಸಾರಜನಕದಲ್ಲಿ ಆ ವರ್ಷದ ಚೀಲದ್ದು ಅರ್ಧಕ್ಕಿಂತ ಕಡಿಮೆ, ಹೆಚ್ಚಿನದು ಮಣ್ಣಿನ ಹಳೇ ಸಾವಯವದಿಂದ ಬಿಡುಗಡೆ ಆದದ್ದು.

ಕುರಿ ಹಿಕ್ಕೆಯೂ ಮೂತ್ರವೂ ಈ ಗಂಟನ್ನು ಹೆಚ್ಚಿಸುತ್ತವೆ. ಮೂತ್ರದಲ್ಲಿ ಇರುವುದೂ ಯೂರಿಯಾವೇ, ಅದರಲ್ಲೂ ಸ್ವಲ್ಪ ಆವಿಯಾಗಿರುತ್ತದೆ. ಹಿಕ್ಕೆಯದ್ದು ಮಾತ್ರ ನಿಧಾನ. ಬೇಸಿಗೆಯಲ್ಲಿ ಕಾದ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಎದ್ದು ಕೆಲಸ ಶುರು ಮಾಡುತ್ತವೆ, ಒಂದಷ್ಟು ನೈಟ್ರೇಟ್ ಆಗ ಬರುತ್ತದೆ. ಆಮೇಲೆ ಪ್ರತಿ ಹದ ಮಳೆಗೂ ಸ್ವಲ್ಪ ಸ್ವಲ್ಪ. ಗಿಡ ಬೆಳೆಯುವುದೂ ಅದೇ ಮಳೆಗೆ. ಇಬ್ಬರ ಊಟದ ಹೊತ್ತು ಕೂಡಿಬಂದ ಹಾಗೆ.

ತಗ್ಗಿನ ಪಟ್ಟಿಯ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಒಬ್ಬರು ಇದ್ದಾರೆ, ಅವರು ಬರೆಯಲಿ.

ಬೇರು ನೋಟ:

ಮೇಷ್ಟ್ರು ನನ್ನನ್ನೇ ಕರೆದದ್ದು ಅಂದುಕೊಂಡು ಬರೆಯುತ್ತಿದ್ದೇನೆ. ಗಿಡದ ಪೋಷಣೆ ಬಗ್ಗೆ ಸಂಶೋಧನೆ ಮಾಡುತ್ತೇನೆ, ಸೂರ್ಯಕಾಂತಿ ಸಸಿಯ ಬೇರು ನೋಡುವುದೇ ನನ್ನ ದಿನದ ಕೆಲಸ.

"ಗಿಡಕ್ಕೆ ಗೊತ್ತಾಗುತ್ತದಾ" ಅಂತ ಕೇಳಿದಿರಿ. ಎಲ್ಲಿಂದ ಬಂತು ಅನ್ನುವುದು ಗೊತ್ತಾಗುವುದಿಲ್ಲ. ಯಾವ ರೂಪದಲ್ಲಿ ಬಂತು ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಬೇರಿನ ಬಾಗಿಲಿಗೆ ಬರುವುದು ಮುಖ್ಯವಾಗಿ ಎರಡು ರೂಪ, ಅಮೋನಿಯಂ ಮತ್ತು ನೈಟ್ರೇಟ್. ಯೂರಿಯಾ, ಡಿಎಪಿ, ಕುರಿ ಗೊಬ್ಬರ, ಬೇವಿನ ಹಿಂಡಿ, ಕಡಲೆ ಬೆಳೆಯ ಉಳಿಕೆ, ಎಲ್ಲವೂ ಕೊನೆಗೆ ಈ ಎರಡರಲ್ಲಿ ಒಂದಾಗಿ ಒಳಗೆ ಹೋಗಬೇಕು. ಅಮೈನೋ ಆಮ್ಲದ ರೂಪದಲ್ಲೂ ಬೇರು ಸ್ವಲ್ಪ ಹೀರುತ್ತದೆ, ಆದರೆ ಗೊಬ್ಬರ ಹಾಕಿದ ಹೊಲದಲ್ಲಿ ಅದರ ಪಾಲು ಚಿಕ್ಕದು.

ನಾವು ಸಸಿಗಳನ್ನು ನೀರಿನ ತೊಟ್ಟಿಯಲ್ಲಿ ಬೆಳೆಸುತ್ತೇವೆ. ಒಂದು ತೊಟ್ಟಿಗೆ ಬರೀ ನೈಟ್ರೇಟ್, ಇನ್ನೊಂದಕ್ಕೆ ಬರೀ ಅಮೋನಿಯಂ, ಮೂರನೆಯದಕ್ಕೆ ಎರಡೂ. ಉಳಿದ ಪೋಷಕಾಂಶ ಎಲ್ಲದಕ್ಕೂ ಸಮ. ಹತ್ತು ಹನ್ನೆರಡು ದಿನಕ್ಕೆ ತೊಟ್ಟಿಯ ಮುಚ್ಚಳ ಎತ್ತಿ ಬೇರು ನೋಡಿದರೆ ಸಾಕು, ಚೀಟಿ ಓದುವುದೇ ಬೇಡ. ನೈಟ್ರೇಟ್ ತೊಟ್ಟಿಯಲ್ಲಿ ಬಿಳಿ ಬೇರು, ಉದ್ದ, ಎಳೆ ಎಳೆ. ಬರೀ ಅಮೋನಿಯಂ ಇರುವಲ್ಲಿ ಬೇರು ಗಿಡ್ಡ, ಮೊಂಡು, ಕಂದು ಬಣ್ಣಕ್ಕೆ ತಿರುಗಿರುತ್ತದೆ. ಎಲೆ ಕಡು ಹಸಿರೇ ಇರುತ್ತದೆ, ಆದರೆ ಸಣ್ಣದು, ಅಂಚು ಕೆಳಕ್ಕೆ ಮಡಚಿರುತ್ತದೆ. ಎರಡೂ ಕೊಟ್ಟ ತೊಟ್ಟಿಯ ಸಸಿ ಬಹಳ ಸಲ ಎಲ್ಲಕ್ಕಿಂತ ಚೆನ್ನಾಗಿರುತ್ತದೆ.

ಕಾರಣ ಇಷ್ಟೇ. ಅಮೋನಿಯಂ ಅನ್ನು ಗಿಡ ಕೂಡಿಡಲಾರದು. ಬಂದ ಕೂಡಲೇ ಬೇರಿನಲ್ಲೇ ಸಕ್ಕರೆಯಿಂದ ಬಂದ ಇಂಗಾಲಕ್ಕೆ ಕಟ್ಟಿಹಾಕಬೇಕು, ಇಲ್ಲದಿದ್ದರೆ ವಿಷ. ಆ ಸಕ್ಕರೆ ಎಲೆಯಿಂದ ಇಳಿಯಬೇಕು, ಬೇರು ಬೆಳೆಯಲು ಇಟ್ಟದ್ದು ಇದಕ್ಕೆ ಖರ್ಚಾಗುತ್ತದೆ. ಜೊತೆಗೆ ಅಮೋನಿಯಂ ಜಾಸ್ತಿ ಆದರೆ ಪೊಟ್ಯಾಶ್, ಕ್ಯಾಲ್ಸಿಯಂ, ಮೆಗ್ನೀಷಿಯಂ ಒಳಗೆ ಬರುವುದು ಕಡಿಮೆಯಾಗುತ್ತದೆ. ನೈಟ್ರೇಟ್ ಹಾಗಲ್ಲ. ಗಿಡ ಅದನ್ನು ದಂಟಿನಲ್ಲಿ, ಎಲೆ ತೊಟ್ಟಿನಲ್ಲಿ ತುಂಬಿಟ್ಟುಕೊಂಡು ಬಿಸಿಲಿದ್ದಾಗ ಎಲೆಯಲ್ಲಿ ನಿಧಾನವಾಗಿ ಬಳಸುತ್ತದೆ. ಪ್ರಯೋಗಾಲಯದಲ್ಲಿ ಎಲೆ ತೊಟ್ಟನ್ನು ಅಡ್ಡ ಕತ್ತರಿಸಿ ಡೈಫಿನೈಲಮೀನ್ ದ್ರಾವಣದ ಒಂದು ಹನಿ ಬಿಡುತ್ತೇವೆ, ನೈಟ್ರೇಟ್ ಇದ್ದರೆ ಕಣ್ಣೆದುರೇ ಶಾಯಿ ಚೆಲ್ಲಿದ ಹಾಗೆ ನೀಲಿ ಆಗುತ್ತದೆ. ಹಸಿದ ಗಿಡದ ತೊಟ್ಟು ಬೆಳ್ಳಗೇ ಉಳಿಯುತ್ತದೆ. ಆ ದ್ರಾವಣ ಗಂಧಕಾಮ್ಲದಲ್ಲಿ ಮಾಡಿದ್ದು, ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ.

ಹಾಗಂತ ಅಮೋನಿಯಂ ಗೊಬ್ಬರಕ್ಕೆ ಹೆದರಬೇಕಿಲ್ಲ. ಹೊಲದ ಮಣ್ಣು ನೀರಿನ ತೊಟ್ಟಿಯಲ್ಲ. ಗಾಳಿಯಾಡುವ ಬೆಚ್ಚಗಿನ ಮಣ್ಣಿನಲ್ಲಿ ನೈಟ್ರೊಸೊಮೊನಾಸ್ ಥರದ ಬ್ಯಾಕ್ಟೀರಿಯಾಗಳು ಎರಡು ಮೂರು ವಾರದಲ್ಲಿ ಹೆಚ್ಚಿನ ಅಮೋನಿಯಂ ಅನ್ನು ನೈಟ್ರೇಟ್ ಮಾಡಿಬಿಡುತ್ತವೆ. ಅಷ್ಟು ದಿನ ಗಿಡಕ್ಕೆ ಎರಡೂ ಸಿಗುತ್ತದೆ. ನಿಮ್ಮ ಎರಡನೇ ಪಟ್ಟಿಗೆ ಸಿಕ್ಕಿದ್ದೂ ಅದೇ ಎರಡರ ಊಟ.

ಈಗ ತಗ್ಗಿನ ಪಟ್ಟಿ. ಅಲ್ಲಿ ಎರಡು ಕಾಯಿಲೆ ಕೂಡಿವೆ. ನೀರು ನಿಂತಾಗ ಮಣ್ಣಿನಲ್ಲಿ ಆಮ್ಲಜನಕ ಮುಗಿಯುತ್ತದೆ. ಆಗ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಡಲು ನೈಟ್ರೇಟನ್ನೇ ಬಳಸಿ ಅದನ್ನು ಗಾಳಿಯ ಸಾರಜನಕ ಮಾಡಿ ಬಿಟ್ಟುಬಿಡುತ್ತವೆ. ಇದು ಕೆಳಗಿನ ಎಲೆ ಹಳದಿಯಾಗಲು ಕಾರಣ. ತುದಿಯ ಬಲೆ ಬಣ್ಣ ಮಾತ್ರ ಕಬ್ಬಿಣದ ಕೊರತೆ. ಸುಣ್ಣದ ಮಣ್ಣಿನಲ್ಲಿ ನೀರು ನಿಂತರೆ ಬೈಕಾರ್ಬೊನೇಟ್ ಹೆಚ್ಚಾಗಿ ಬೇರಿನ ಸುತ್ತ ಕ್ಷಾರ ಕಟ್ಟುತ್ತದೆ, ಕಬ್ಬಿಣ ಇದ್ದರೂ ಕರಗುವುದಿಲ್ಲ.

ಸೂರ್ಯಕಾಂತಿಗೆ ಇದಕ್ಕೆ ತನ್ನದೇ ಉಪಾಯ ಇದೆ. ಕಬ್ಬಿಣ ಸಾಲದಾಗ ಅದರ ಬೇರು ಆಮ್ಲ ಬಿಡುತ್ತದೆ. ಬ್ರೊಮೊಕ್ರೆಸಾಲ್ ಪರ್ಪಲ್ ಎಂಬ ಬಣ್ಣ ಬೆರೆಸಿದ ಅಗರ್ (ಲೋಳೆಯಂಥ ಗಟ್ಟಿ) ಹಾಳೆಯ ಮೇಲೆ ಅಂಥ ಬೇರನ್ನು ಒತ್ತಿಟ್ಟರೆ, ನೇರಳೆ ಹಾಳೆಯಲ್ಲಿ ಬೇರಿನ ತುದಿಯ ಸುತ್ತ ಹಳದಿ ಪ್ರಭೆ ಮೂಡುತ್ತದೆ. ನೂರು ಸಲ ನೋಡಿದ್ದರೂ ನನಗೆ ಇನ್ನೂ ಖುಷಿ ಕೊಡುವ ದೃಶ್ಯ ಅದು. ಅಮೋನಿಯಂ ತಿನ್ನುವ ಬೇರು ಕೂಡ ಆಮ್ಲ ಬಿಡುತ್ತದೆ, ನೈಟ್ರೇಟ್ ತಿನ್ನುವ ಬೇರು ಕ್ಷಾರ ಬಿಡುತ್ತದೆ. ಹಾಗಾಗಿ ಸುಣ್ಣದ ಮಣ್ಣಿನಲ್ಲಿ ಸ್ವಲ್ಪ ಅಮೋನಿಯಂ ಸಿಕ್ಕರೆ ಕಬ್ಬಿಣಕ್ಕೂ ಅನುಕೂಲ. ಎಲೆಯೊಳಗೂ ಇದೇ ಕಥೆ. ಜರ್ಮನಿಯ ಗೀಸೆನ್‌ನಲ್ಲಿ ಸೂರ್ಯಕಾಂತಿ ಎಲೆಯ ಮೇಲೆಯೇ ಕೆಲಸ ಮಾಡಿದವರು, ಜೀವಕೋಶಗಳ ನಡುವಿನ ರಸದ ಪಿಎಚ್ ಏರಿದರೆ ಎಲೆಗೆ ಬಂದ ಕಬ್ಬಿಣವನ್ನೂ ಗಿಡ ಬಳಸಲಾರದು ಅಂತ 1999ರಲ್ಲಿ ಬರೆದಿದ್ದಾರೆ.

ತಗ್ಗಿನ ಪಟ್ಟಿಗೆ ಮೊದಲು ನೀರು ಹೋಗಲು ಒಂದು ಕಾಲುವೆ ಮಾಡಿ. ಆಮೇಲೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಸ್ವಲ್ಪ ನಿಂಬೆ ರಸ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ. ಯೂರಿಯಾ ಸುರಿದರೆ ಆ ಬಲೆ ಬಣ್ಣ ಹೋಗುವುದಿಲ್ಲ.

ಹಿರಿಯೂರು ಕಡೆಯವಳು:

ನಾನೂ ಒಂದು ಸೇರಿಸುತ್ತೇನೆ. ಮೆಕ್ಕೆಜೋಳ ಕೊಯ್ದು ಅದರ ಕಡ್ಡಿಯನ್ನೆಲ್ಲಾ ಹೊಲಕ್ಕೇ ಹೂತು, ತಿಂಗಳೊಳಗೆ ಸೂರ್ಯಕಾಂತಿ ಬಿತ್ತಿದ್ದೆ. ಸಾವಯವ ಸೇರಿತು, ಬೆಳೆ ಚೆನ್ನಾಗಿ ಬರುತ್ತದೆ ಅಂದುಕೊಂಡೆ. ಮೊದಲ ಇಪ್ಪತ್ತೈದು ದಿನ ಸಸಿ ಏಳಲೇ ಇಲ್ಲ. ಕಡ್ಡಿ ಕೊಳೆಯಲು ಆ ಜೀವಿಗಳಿಗೂ ಸಾರಜನಕ ಬೇಕು, ಅವು ಮಣ್ಣಿನಲ್ಲಿದ್ದದ್ದನ್ನು ಮೊದಲು ತಿಂದುಬಿಡುತ್ತವೆ ಅಂತ ಆಮೇಲೆ ತಿಳಿಯಿತು. ಅರೆ ಕೊಳೆತ ತಿಪ್ಪೆ ಗೊಬ್ಬರದಲ್ಲೂ ಹೀಗೇ. ಪುಡಿ ಪುಡಿಯಾಗಿ, ವಾಸನೆ ಹೋಗಿರಬೇಕು.

ಮೇಷ್ಟ್ರೇ, ಒಂದು ಪ್ರಶ್ನೆ. ನ್ಯಾನೊ ಯೂರಿಯಾ ಒಂದು ಬಾಟಲಿ ಒಂದು ಚೀಲಕ್ಕೆ ಸಮ ಅಂತ ಅಂಗಡಿಯಲ್ಲಿ ಹೇಳಿ ಕೊಟ್ಟರು. ಹೌದಾ?

ಮಣ್ಣು ಮೇಷ್ಟ್ರು:

ಲೆಕ್ಕ ನೀವೇ ಮಾಡಿ ಅಮ್ಮಾ. 2021ರಲ್ಲಿ ಬಂದ ಅರ್ಧ ಲೀಟರ್ ಬಾಟಲಿಯಲ್ಲಿ ನೂರಕ್ಕೆ 4 ಭಾಗ ಸಾರಜನಕ, ಅಂದರೆ 20 ಗ್ರಾಂ. ಆಮೇಲೆ ಪ್ರಮಾಣ ಹೆಚ್ಚಿಸಿದ್ದಾರೆ, ನೂರಕ್ಕೆ 20 ಅಂತಲೇ ಇಟ್ಟುಕೊಂಡರೂ 100 ಗ್ರಾಂ. 45 ಕೆಜಿ ಚೀಲದಲ್ಲಿ 20 ಕೆಜಿಗೂ ಹೆಚ್ಚು. ಕ್ವಿಂಟಾಲಿಗೆ 4 ಕೆಜಿ ಕೇಳುವ ಬೆಳೆಗೆ ಗ್ರಾಂ ಲೆಕ್ಕದಲ್ಲಿ ಕೊಟ್ಟು ಬೇರಿನ ಊಟ ನಿಲ್ಲಿಸಬೇಡಿ.

ಎಲೆ ಮೂಲಕ ಕೊಡುವುದೇ ತಪ್ಪು ಅಂತಲ್ಲ. ಸಾದಾ ಯೂರಿಯಾವನ್ನೇ ಲೀಟರಿಗೆ 20 ಗ್ರಾಂ ಹಾಕಿ ಸಂಜೆ ಸಿಂಪಡಿಸಿದರೆ ಎಲೆ ಯೂರಿಯಾವನ್ನು ಇದ್ದ ಹಾಗೇ ಹೀರುತ್ತದೆ, ಒಡೆಯುವ ಕಿಣ್ವ ಎಲೆಯೊಳಗೂ ಇದೆ. ಎಕರೆಗೆ 200 ಲೀಟರ್ ಹೊಡೆದರೆ 4 ಕೆಜಿ ಯೂರಿಯಾ, ಸಾರಜನಕ ಎರಡು ಕೆಜಿಗೂ ಕಡಿಮೆ. ಮಣ್ಣು ಒಣಗಿ ಬೇರು ಕೈಕಟ್ಟಿ ಕೂತಾಗ ಇದು ಆಸರೆ, ಅಷ್ಟೇ.

ಯಲಬುರ್ಗಾ ಅವರಿಗೆ: 45 ದಿನ ಅಂದರೆ ತಡವಾಗಿಲ್ಲ. ಮೊಗ್ಗಿನಿಂದ ಹೂವು ಅರಳುವ ತನಕ ಗಿಡ ಅತಿ ಹೆಚ್ಚು ಸಾರಜನಕ ಎಳೆಯುವ ಕಾಲ. ಹೂವು ಮುಗಿದ ಮೇಲೆ ಹೊಸದಾಗಿ ಎಳೆಯುವುದು ಕಡಿಮೆ, ಎಲೆ ಮತ್ತು ದಂಟಿನಲ್ಲಿ ಇದ್ದದ್ದನ್ನೇ ಕಾಳಿಗೆ ಸಾಗಿಸುತ್ತದೆ. ಮಣ್ಣು ಈಗ ಹದದಲ್ಲಿದೆ. ಒಂದನೇ ಪಟ್ಟಿಗೆ 10 ಕೆಜಿ ಯೂರಿಯಾ ಸಾಕು. ಗಿಡ ಎತ್ತರ ಆಗಿರುವುದರಿಂದ ಎತ್ತು ಹೋಗುವುದಿಲ್ಲ, ಸಾಲಿನ ಪಕ್ಕ ಒಂದು ಗೇಣು ದೂರದಲ್ಲಿ ಕೈಗುದ್ದಲಿಯಿಂದ ಗೀರಿ, ಉದುರಿಸಿ, ಮಣ್ಣು ಎಳೆದು ಮುಚ್ಚಿ. ಅರ್ಧ ಚೀಲ ಬೇಡ. ಹೆಚ್ಚಾದರೆ ಗಿಡ ಸೊಕ್ಕುತ್ತದೆ, ಗಾಳಿಗೆ ಬೀಳುತ್ತದೆ, ಎಲೆಚುಕ್ಕೆ ರೋಗ ಹತ್ತುತ್ತದೆ, ಕಾಳಿನಲ್ಲಿ ಎಣ್ಣೆ ಅಂಶ ಇಳಿಯುತ್ತದೆ. ಮುಂದಿನ ಸಲ ಮಣ್ಣು ಪರೀಕ್ಷೆ ಮಾಡಿಸಿ, ನಾಲ್ಕೂ ಪಟ್ಟಿಯ ಮಣ್ಣು ಬೇರೆ ಬೇರೆ ಚೀಲದಲ್ಲಿ.

ಗುಂಡ್ಲುಪೇಟೆ ಹೊಲ:

ಮೇಷ್ಟ್ರೇ, ನಮ್ಮ ಕೆಂಪು ಮಣ್ಣಿನಲ್ಲಿ ಕೆಳಕ್ಕೆ ಇಳಿದ ನೈಟ್ರೇಟ್ ಗಿಡಕ್ಕೆ ಮತ್ತೆ ಸಿಗುವುದೇ ಇಲ್ಲವಾ?

ಬೇರು ನೋಟ:

ಸ್ವಲ್ಪ ಸಿಗುತ್ತದೆ ಅಣ್ಣಾ. ಸೂರ್ಯಕಾಂತಿಯ ತಾಯಿಬೇರು ಮಣ್ಣು ಆಳ ಇದ್ದರೆ ಒಂದೂವರೆ, ಎರಡು ಮೀಟರ್ ತನಕ ಇಳಿಯುತ್ತದೆ. ಬೇರೆ ಬೆಳೆ ಬಿಟ್ಟುಹೋದ ನೈಟ್ರೇಟನ್ನೂ ಆಳದಿಂದ ಎತ್ತುತ್ತದೆ. ಆದರೆ ನಿಮ್ಮ ಕಡೆ ಒಂದು ಎರಡು ಅಡಿಗೇ ಗಟ್ಟಿ ಮೊರಂ (ಜಲ್ಲಿಯಂಥ ಗಟ್ಟಿ ಪದರ) ಸಿಕ್ಕರೆ ಬೇರು ಅಲ್ಲೇ ಅಡ್ಡ ತಿರುಗುತ್ತದೆ. ಒಂದು ಗಿಡ ಅಗೆದು ನೋಡಿ. ಬೇರು ಎಲ್ಲಿ ಬಾಗಿದೆ ಅನ್ನುವುದರಿಂದ ಎಷ್ಟು ಕಂತು ಮಾಡಬೇಕು ಅಂತ ನಿಮಗೇ ಅಂದಾಜು ಸಿಗುತ್ತದೆ.

ಯಲಬುರ್ಗಾ ಎರೆ:

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಮೇಷ್ಟ್ರು ಹೇಳಿದ ಹಾಗೆ 10 ಕೆಜಿ ಯೂರಿಯಾವನ್ನು ನಾನು, ಹೆಂಡತಿ, ಇಬ್ಬರು ಆಳು ಸೇರಿ ಗೀರಿ ಮುಚ್ಚಿದೆವು. ಒಂದು ದಿನ ಪೂರ್ತಿ ಹಿಡಿಯಿತು. ಆರು ಸಾಲಿಗೆ ಬೇಕಂತಲೇ ಹಾಕಲಿಲ್ಲ, ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿ ಗುರುತು ಮಾಡಿದೆ. ನಾಲ್ಕನೇ ದಿನ ಮಳೆ ಬಂತು. ಮೊದಲೇ ಹಳದಿಯಾಗಿದ್ದ ಕೆಳಗಿನ ಎಲೆ ತಿರುಗಿ ಹಸಿರಾಗಲಿಲ್ಲ, ಒಣಗಿ ಜೋತುಬಿದ್ದಿವೆ. ಆದರೆ ಅದರ ಮೇಲಿನದಕ್ಕೆ ಹಳದಿ ಏರುವುದು ನಿಂತಿದೆ. ಕೆಂಪು ಬಟ್ಟೆಯ ಆರು ಸಾಲಿನಲ್ಲಿ ಇನ್ನೂ ಎರಡು ಎಲೆ ಹಳದಿಯಾಗಿವೆ. ಬದುವಿನ ಮೇಲಿಂದಲೇ ಗೆರೆ ಎಳೆದ ಹಾಗೆ ಬೇರೆ ಕಾಣುತ್ತದೆ.

ತಗ್ಗಿನಲ್ಲಿ ಕಾಲುವೆ ತೆಗೆದು ಅನ್ನಭೇದಿ ಎರಡು ಸಲ ಹೊಡೆದೆ. ಹೊಸ ಎಲೆ ಹಸಿರು ಬಂದಿದೆ. ಆ ಪಟ್ಟಿ ಪೂರ್ತಿ ಸುಧಾರಿಸುವುದಿಲ್ಲ ಅಂತ ಗೊತ್ತು, ಗಿಡ ಸೊಂಟದ ಮಟ್ಟಕ್ಕೇ ಮೊಗ್ಗು ಒಡೆದಿವೆ.

ಕುರಿ ಪಟ್ಟಿಯಲ್ಲಿ ನಿನ್ನೆಯಿಂದ ಹೂವು ಅರಳುತ್ತಿದೆ. ಈ ಸಲ ಸುಗ್ಗಿ ಆದ ಮೇಲೆ ಹಿಂಡಿನವರಿಗೆ ನಾಲ್ಕೂ ಪಟ್ಟಿ ಸುತ್ತಿ ಬರಲು ಮುಂಗಡ ಮಾತಾಡಿದ್ದೇನೆ, ಹಿಂಗಾರಿಗೆ ಅರ್ಧ ಹೊಲ ಕಡ್ಲಿ. ಒಕ್ಕುವಾಗ ನಾಲ್ಕು ಪಟ್ಟಿಯ ಕಾಳು, ಕೆಂಪು ಬಟ್ಟೆಯ ಆರು ಸಾಲಿನದ್ದು, ಎಲ್ಲಾ ಬೇರೆ ಬೇರೆ ತೂಗಿ ಇಲ್ಲೇ ಹಾಕುತ್ತೇನೆ.